ಬೌಲ್ ಪಂದ್ಯಕ್ಕೆ ಮುಂಚೆ ಆಫೆನ್ಸಿವ್ ಲೈನ್ ತಪಾಸಣೆ: ತಪ್ಪು ಎಲ್ಲಿ, ಯಾರದು

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಹನ್ನೆರಡನೇ ಪಂದ್ಯ ನವೆಂಬರ್ ಕೊನೆಗೆ ಮುಗಿಯುತ್ತದೆ. ಅಲ್ಲಿಂದ ಬೌಲ್ ಪಂದ್ಯಕ್ಕೋ (ಋತು ಮುಗಿದ ಮೇಲಿನ ಆಹ್ವಾನ ಪಂದ್ಯ) ಪ್ಲೇಆಫ್‌ನ (ಚಾಂಪಿಯನ್ ಯಾರೆಂದು ತೀರ್ಮಾನಿಸುವ ನಾಕೌಟ್) ಮೊದಲ ಸುತ್ತಿಗೋ ಮೂರು ವಾರ, ಹೆಚ್ಚೆಂದರೆ ಐದು. ನಡುವೆ ಸೆಮಿಸ್ಟರ್ ಪರೀಕ್ಷೆ ಇದೆ, ಬೇರೆ ಕಾಲೇಜಿಗೆ ಹೊರಡಲು ಸಿದ್ಧರಾದವರ ಗಲಾಟೆ ಇದೆ, ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್‌ಗೆಂದು (ಆಟಗಾರರ ಆಯ್ಕೆ) ಬೌಲ್ ಆಡದೆ ಹೊರಡುವ ಹಿರಿಯರಿದ್ದಾರೆ. ಇದನ್ನೆಲ್ಲ ಕಳೆದರೆ ಆಫೆನ್ಸಿವ್ ಲೈನ್‌ನ ಐವರೂ (ಎದುರಾಳಿಗಳನ್ನು ತಡೆಯುವ ನಡುವಿನ ಸೆಂಟರ್, ಅವನ ಎಡಬಲಕ್ಕೆ ಗಾರ್ಡ್‌ಗಳು, ತುದಿಗಳಲ್ಲಿ ಟ್ಯಾಕಲ್‌ಗಳು) ಒಟ್ಟಿಗೆ ನಿಂತು ಅಭ್ಯಾಸ ಮಾಡುವ ದಿನಗಳು ಬೆರಳೆಣಿಕೆಯಷ್ಟು.

ಈ ದಿನಗಳಲ್ಲಿ ಒಬ್ಬ ಟ್ಯಾಕಲ್‌ನ ಕಾಲಿನ ವೇಗ ಹೆಚ್ಚುವುದಿಲ್ಲ, ಗಾರ್ಡ್‌ನ ತೋಳು ಉದ್ದವಾಗುವುದಿಲ್ಲ. ಸ್ನ್ಯಾಪ್ (ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರು ಮಾಡುವುದು), ಕೂಗು, ಹೊಂದಾಣಿಕೆ, ಯಾರು ಯಾರನ್ನು ತಡೆಯಬೇಕೆಂಬ ಗೊಂದಲ ಇವು ಸರಿಹೋಗುತ್ತವೆ. ಹಾಗಾಗಿ ತಪಾಸಣೆಯ ಮೊದಲ ಕೆಲಸ ತಪ್ಪು ಯಾರದೆಂದು ಕಂಡುಹಿಡಿಯುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಪಾಸ್ ಎಸೆಯಬೇಕಾದ ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದುಕೊಂಡು ನಿಂತದ್ದಕ್ಕೆ ಎಡ ಟ್ಯಾಕಲ್‌ನನ್ನು ಬದಲಿಸಿದ ತಂಡಗಳು ಪ್ರತಿ ಡಿಸೆಂಬರ್‌ನಲ್ಲೂ ಸಿಗುತ್ತವೆ.

ಶುರು ಮಾಡುವ ಮುನ್ನ

ಕೊನೆಯ ನಾಲ್ಕು ಪಂದ್ಯಗಳ ಪ್ಲೇ-ಬೈ-ಪ್ಲೇ ಪಟ್ಟಿ (ಸ್ನ್ಯಾಪ್‌ನಿಂದ ಶುರುವಾಗುವ ಒಂದೊಂದು ಆಟದ ದಾಖಲೆ), ಅದೇ ಪಂದ್ಯಗಳ ವಿಡಿಯೊ, ಒಂದು ಸ್ಪ್ರೆಡ್‌ಶೀಟ್. ಇಷ್ಟು ಸಾಕು. ಸೆಪ್ಟೆಂಬರ್ ಪಂದ್ಯಗಳನ್ನು ಬಿಡಿ. ಆಗಿನ ಐವರೇ ಬೇರೆ, ಎದುರಾಳಿಗಳೂ ಬಹುತೇಕ ಹಗುರ. ಪಂದ್ಯ ಕೈಬಿಟ್ಟ ಮೇಲೆ, ಅಂದರೆ ನಾಲ್ಕನೇ ಕ್ವಾರ್ಟರ್‌ನಲ್ಲಿ ಅಂತರ 21 ದಾಟಿದ ಮೇಲಿನ ಆಟವನ್ನೂ ಲೆಕ್ಕಕ್ಕೆ ಹಿಡಿಯಬೇಡಿ.

ವಿಡಿಯೊದಲ್ಲಿ ಎರಡು ಕೋನ ಬೇಕು. ಪಕ್ಕದ ಕ್ಯಾಮೆರಾದಲ್ಲಿ ಕ್ವಾರ್ಟರ್‌ಬ್ಯಾಕ್ ಎಷ್ಟು ಹಿಂದೆ ಹೋದ ಎಂಬುದು ಕಾಣುತ್ತದೆ, ಐವರ ನಡುವಿನ ಅಂತರ ಕಾಣುವುದಿಲ್ಲ. ಗೋಲ್ ಕಂಬದ ಹಿಂದಿನ ಕ್ಯಾಮೆರಾದಲ್ಲಿ ಕೈ ಎಲ್ಲಿದೆ, ಸೊಂಟ ಯಾವ ಕಡೆ ತಿರುಗಿದೆ ಎಂಬುದು ಕಾಣುತ್ತದೆ. ಟಿವಿ ಪ್ರಸಾರದಲ್ಲಿ ಎರಡನೆಯದು ಸಿಗುವುದು ರೀಪ್ಲೇಯಲ್ಲಿ ಮಾತ್ರ. ಸಿಕ್ಕಿದ್ದನ್ನೆಲ್ಲ ಕತ್ತರಿಸಿ ಇಟ್ಟುಕೊಳ್ಳಿ.

ಒಂದು ಲೆಕ್ಕ ಮೊದಲೇ ಸರಿಪಡಿಸಿ. ಕಾಲೇಜಿನಲ್ಲಿ ಸ್ಯಾಕ್‌ನಲ್ಲಿ (ಪಾಸ್ ಎಸೆಯುವ ಮುನ್ನವೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದಾಗ) ಕಳೆದುಕೊಂಡ ಗಜಗಳನ್ನು ಓಟದ ಖಾತೆಯಿಂದ ಕಳೆಯುತ್ತಾರೆ. ಎನ್‌ಎಫ್‌ಎಲ್‌ನಲ್ಲಿ ಪಾಸ್ ಖಾತೆಯಿಂದ. ಬಾಕ್ಸ್ ಸ್ಕೋರ್‌ನಲ್ಲಿ (ಪಂದ್ಯದ ಅಂಕಿಅಂಶ ಪಟ್ಟಿ) 40 ಓಟಕ್ಕೆ 160 ಗಜ, ಸರಾಸರಿ 4.0 ಎಂದಿದೆ ಅಂದುಕೊಳ್ಳಿ. ಅದರಲ್ಲಿ 4 ಸ್ಯಾಕ್, 30 ಗಜ ನಷ್ಟ ಸೇರಿದ್ದರೆ ನಿಜವಾದ ಓಟ 36ಕ್ಕೆ 190, ಸರಾಸರಿ ಸುಮಾರು 5.3. ರೋಗವೇ ಇಲ್ಲದ ಕಡೆ ಔಷಧಿ ಕೊಡುವುದು ಶುರುವಾಗುವುದು ಇಲ್ಲಿಂದಲೇ.

ಹಾಗೆಯೇ ತೂಕದ ಪಟ್ಟಿ ನೋಡಿ ಲೈನ್ ಅಳೆಯಬೇಡಿ. ದೇಶದ ಅತ್ಯುತ್ತಮ ಲೈನ್‌ಗೆ 2015ರಿಂದ ಕೊಡುತ್ತಿರುವ ಜೋ ಮೂರ್ ಪ್ರಶಸ್ತಿ 2024ರಲ್ಲಿ ಆರ್ಮಿ ತಂಡಕ್ಕೆ ಹೋಯಿತು. ಸೈನಿಕ ಅಕಾಡೆಮಿಯ ಹುಡುಗರು ದೊಡ್ಡ ತಂಡಗಳವರಷ್ಟು ಭಾರವಿರುವುದಿಲ್ಲ.

ಲಕ್ಷಣ: ಸ್ಯಾಕ್ ಜಾಸ್ತಿಯಾಗಿವೆ

ಎಲ್ಲರ ಕಣ್ಣಿಗೆ ಮೊದಲು ಬೀಳುವುದು ಇದೇ, ಎಲ್ಲರೂ ತಪ್ಪಾಗಿ ಓದುವುದೂ ಇದನ್ನೇ.

ಸಂಖ್ಯೆಯನ್ನು ದರವಾಗಿಸಿ. ಸ್ಯಾಕ್‌ಗಳನ್ನು, ಪಾಸ್ ಯತ್ನ ಮತ್ತು ಸ್ಯಾಕ್ ಎರಡರ ಮೊತ್ತದಿಂದ ಭಾಗಿಸಿ. 45 ಬಾರಿ ಪಾಸ್‌ಗೆ ನಿಂತು 3 ಸ್ಯಾಕ್ ಆದರೆ ಶೇ. 6.7, 22 ಬಾರಿ ನಿಂತು 3 ಆದರೆ ಶೇ. 13.6. ಎರಡೂ "ಮೂರು ಸ್ಯಾಕ್" ಎಂದೇ ಸುದ್ದಿಯಾಗುತ್ತವೆ.

ಆಮೇಲೆ ಪ್ರತಿ ಸ್ಯಾಕ್‌ಗೂ ಗಡಿಯಾರ ಹಿಡಿಯಿರಿ. ವಿಡಿಯೊ ಸೆಕೆಂಡಿಗೆ 30 ಫ್ರೇಮ್ ಇದ್ದರೆ, ಚೆಂಡು ಸೆಂಟರ್‌ನ ಕೈಬಿಟ್ಟ ಫ್ರೇಮ್‌ನಿಂದ ಎಣಿಸಿ 75ನೆಯದು ಎರಡೂವರೆ ಸೆಕೆಂಡ್. ಅದರೊಳಗೆ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನ ಮೈಮೇಲೆ ಬಂದಿದ್ದರೆ ಲೈನ್ ಅಥವಾ ಪ್ರೊಟೆಕ್ಷನ್ ಕರೆ (ಯಾರು ಯಾರನ್ನು ತಡೆಯಬೇಕೆಂಬ ಸೂಚನೆ) ಹೊಣೆ. 105 ಫ್ರೇಮ್, ಅಂದರೆ ಮೂರೂವರೆ ಸೆಕೆಂಡ್ ದಾಟಿದ್ದರೆ ಲೈನ್ ತನ್ನ ಕೆಲಸ ಮಾಡಿ ಮುಗಿಸಿದೆ. ಪಾಸ್ ಹಿಡಿಯಬೇಕಾದ ರಿಸೀವರ್‌ಗಳು ಬಿಡಿಸಿಕೊಂಡಿಲ್ಲ, ಇಲ್ಲವೇ ಕ್ವಾರ್ಟರ್‌ಬ್ಯಾಕ್ ಚೆಂಡು ಬಿಟ್ಟಿಲ್ಲ. ನಡುವಿನದು ಹಂಚಿಕೆಯ ತಪ್ಪು. ಅದಕ್ಕೆ ಮುಂದಿನ ಪರೀಕ್ಷೆ ಬೇಕು.

ಕ್ವಾರ್ಟರ್‌ಬ್ಯಾಕ್ ಎಷ್ಟು ಆಳದಲ್ಲಿದ್ದ? ಶಾಟ್‌ಗನ್‌ನಲ್ಲಿ ಅವನು ಸುಮಾರು 5 ಗಜ ಹಿಂದೆ ನಿಂತಿರುತ್ತಾನೆ, ಹೆಜ್ಜೆ ಇಟ್ಟು 7ರಿಂದ 9 ಗಜದಲ್ಲಿ ನಿಲ್ಲುತ್ತಾನೆ. ಟ್ಯಾಕಲ್ ತನ್ನ ಹಿಮ್ಮೆಟ್ಟುವ ಕೋನವನ್ನು ಇದೇ ಲೆಕ್ಕದಲ್ಲಿ ಕಟ್ಟಿರುತ್ತಾನೆ: ಅಂಚಿನಿಂದ ನುಗ್ಗುವವನನ್ನು ಹೊರಗಿನಿಂದ ಸುತ್ತಿಸಿ ಕ್ವಾರ್ಟರ್‌ಬ್ಯಾಕ್‌ನ ಬೆನ್ನ ಹಿಂದೆ ಸಾಗಹಾಕುವುದು ಅವನ ಉಪಾಯ. ಕ್ವಾರ್ಟರ್‌ಬ್ಯಾಕ್ ಹೆದರಿ 11 ಗಜಕ್ಕೆ ಜಾರಿದರೆ, ಸುತ್ತಿ ಬರಬೇಕಾದವನಿಗೆ ನೇರ ದಾರಿ ಸಿಗುತ್ತದೆ. ಟಿವಿಯಲ್ಲಿ ಟ್ಯಾಕಲ್ ಸೋತಂತೆ ಕಾಣುತ್ತದೆ. ಅವನು ಸೋತಿಲ್ಲ, ಅವನ ಕಾಲಡಿಯ ನಕಾಶೆಯನ್ನೇ ಯಾರೋ ಎಳೆದುಕೊಂಡಿದ್ದಾರೆ. ಮೈದಾನದಲ್ಲಿ ಐದೈದು ಗಜಕ್ಕೆ ಗೆರೆ ಇರುವುದರಿಂದ ಈ ಅಳತೆಗೆ ಖರ್ಚೇ ಇಲ್ಲ. ಹತ್ತು ಸ್ಯಾಕ್‌ಗಳಲ್ಲಿ ಐದಾರು 10 ಗಜಕ್ಕಿಂತ ಆಳದಲ್ಲಿ ಆಗಿದ್ದರೆ ಲೈನ್ ಕೋಚ್‌ಗೆ ಮುಂಚೆ ಕ್ವಾರ್ಟರ್‌ಬ್ಯಾಕ್ ಕೋಚ್ ಹತ್ತಿರ ಹೋಗಬೇಕು.

ಇಷ್ಟಾದ ಮೇಲೂ ಸ್ಯಾಕ್‌ಗಳು ಲೈನ್‌ನ ಖಾತೆಯಲ್ಲೇ ಉಳಿದರೆ ಮುಂದಿನ ಎರಡು ಲಕ್ಷಣಗಳಲ್ಲಿ ಯಾವುದೆಂದು ಬೇರ್ಪಡಿಸಿ. ಯಾರೂ ಮುಟ್ಟದೆ ಬಂದನೋ, ಒಬ್ಬನನ್ನು ಸೋಲಿಸಿ ಬಂದನೋ?

ಲಕ್ಷಣ: ಎದುರಾಳಿಯೊಬ್ಬ ಯಾರೂ ಮುಟ್ಟದೆ ಒಳಗೆ ಬರುತ್ತಾನೆ

ಮೊದಲು ತಲೆ ಎಣಿಸಿ. ನುಗ್ಗಿದವರು ಆರು, ತಡೆಯಲು ಉಳಿದವರು ಐದು ಆಗಿದ್ದರೆ ಒಬ್ಬ ಬಂದೇ ಬರುತ್ತಾನೆ. ಅವನನ್ನು ತಡೆಯುವುದು ಲೈನ್‌ನ ಕೆಲಸವಲ್ಲ. ಅವನು ಬರುವ ಮೊದಲೇ ಚೆಂಡು ಬಿಡುವುದು ಕ್ವಾರ್ಟರ್‌ಬ್ಯಾಕ್‌ನ ಕೆಲಸ.

ನುಗ್ಗಿದವರು ಐದೋ ನಾಲ್ಕೋ, ಆದರೂ ಒಬ್ಬ ಬಿಡುವಾಗಿ ಬಂದ ಎಂದರೆ ಕರೆ ತಪ್ಪಿದೆ. ಸ್ನ್ಯಾಪ್‌ಗೆ ಮುಂಚೆ ಸೆಂಟರ್ ಬೆರಳು ಚಾಚಿ ಎದುರಾಳಿಯ ಮಧ್ಯದ ಲೈನ್‌ಬ್ಯಾಕರ್‌ನನ್ನು (ಮುಂದಿನ ಸಾಲಿನ ಹಿಂದೆ ನಿಲ್ಲುವವನನ್ನು) ತೋರಿಸುತ್ತಾನೆ. "ಮೈಕ್ ಇವನು" ಎಂಬ ಆ ಗುರುತಿನಿಂದಲೇ ಯಾರು ಯಾವ ಕಡೆ ಜಾರಬೇಕು, ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ಯಾರನ್ನು ಹಿಡಿಯಬೇಕು ಎಂಬುದು ತೀರ್ಮಾನವಾಗುತ್ತದೆ. ವಿಡಿಯೊ ನಿಲ್ಲಿಸಿ ಬಿಡುವಾಗಿ ಬಂದವನ ಎಡಬಲ ನೋಡಿ. ಅವನ ಒಂದು ಪಕ್ಕದಲ್ಲಿ ನಮ್ಮವರಿಬ್ಬರು ಗಾಳಿ ಹಿಡಿದು ನಿಂತಿದ್ದರೆ ಅರ್ಧ ಲೈನ್ ಒಂದು ಕರೆ ಕೇಳಿದೆ, ಉಳಿದರ್ಧ ಇನ್ನೊಂದು. ಎತ್ತು ಏರಿಗೆ, ಕೋಣ ನೀರಿಗೆ. ಇನ್ನು ರನ್ನಿಂಗ್ ಬ್ಯಾಕ್ ಅವನ ಪಕ್ಕದಲ್ಲೇ ಹಾದು ಪಾಸ್‌ಗೆ ಓಡಿದ್ದರೆ ತಪ್ಪು ರನ್ನಿಂಗ್ ಬ್ಯಾಕ್‌ನದು. ಕಾಲೇಜಿನಲ್ಲಿ ಲೈನ್‌ನ ತಲೆಗೆ ಕಟ್ಟುವ ಸ್ಯಾಕ್‌ಗಳಲ್ಲಿ ಈ ಬಗೆಯವು ನೀವು ಅಂದುಕೊಂಡಿದ್ದಕ್ಕಿಂತ ಹೆಚ್ಚು ಸಿಗುತ್ತವೆ.

ಮೂರನೆಯದು ಸ್ಟಂಟ್. ಎದುರಾಳಿಯ ಡಿಫೆನ್ಸಿವ್ ಟ್ಯಾಕಲ್ ಹೊರಕ್ಕೆ ನುಗ್ಗಿ ನಮ್ಮ ಗಾರ್ಡ್, ಟ್ಯಾಕಲ್ ಇಬ್ಬರನ್ನೂ ಎಳೆದೊಯ್ಯುತ್ತಾನೆ, ಅವನ ಹಿಂದಿನಿಂದ ಸುತ್ತಿ ಬಂದ ಎಂಡ್ (ಅಂಚಿನಲ್ಲಿ ನಿಲ್ಲುವವನು) ಖಾಲಿ ಜಾಗಕ್ಕೆ ಹೊಕ್ಕುತ್ತಾನೆ. ಕಬಡ್ಡಿಯಲ್ಲಿ ಕಾರ್ನರ್ ಮುನ್ನುಗ್ಗಿದಾಗ ಪಕ್ಕದವನ ಕೈ ಬಿಟ್ಟುಹೋದರೆ ಏನಾಗುತ್ತದೋ ಇಲ್ಲೂ ಅದೇ. ಇಬ್ಬರೂ ಒಂದೇ ಆಳದಲ್ಲಿದ್ದರೆ ಮಾತ್ರ ಎದುರಾಳಿಗಳನ್ನು ಅದಲುಬದಲು ಮಾಡಿಕೊಳ್ಳಬಹುದು. ಗಾರ್ಡ್ ಆಟ ಶುರುವಾಗುವ ಗೆರೆಯ ಬಳಿಯೇ ಅಂಟಿಕೊಂಡು, ಟ್ಯಾಕಲ್ 3 ಗಜ ಹಿಂದಿದ್ದರೆ, ಆ ಸಂದಿಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾರೆ. ಕ್ಲಿಪ್‌ನಲ್ಲಿ ನಮ್ಮವನ ಭುಜ ನಮ್ಮವನಿಗೇ ತಾಗಿದ್ದು ಕಂಡರೆ ಬೇರೆ ಸಾಕ್ಷಿ ಬೇಡ.

ಕರೆ ಮತ್ತು ಸ್ಟಂಟ್ ಎರಡೂ ಬೌಲ್ ವಿರಾಮದಲ್ಲಿ ತಿದ್ದಲು ಹೇಳಿ ಮಾಡಿಸಿದ ದೋಷಗಳು. ಮೈಗೆ ಮೈ ತಾಗಿಸದೆ, ನಡಿಗೆಯ ವೇಗದಲ್ಲಿ, ದಿನಕ್ಕೆ ಹದಿನೈದು ನಿಮಿಷ ಸಾಕು. ಎದುರಾಳಿಗಳ ಜಾಗದಲ್ಲಿ ಕಸದ ಡಬ್ಬಿ ಇಟ್ಟು ಕರೆ ಕೂಗಿಸಿದರೂ ಆಗುತ್ತದೆ.

ಲಕ್ಷಣ: ಒಬ್ಬನೇ ಟ್ಯಾಕಲ್ ಪದೇಪದೇ ಸೋಲುತ್ತಾನೆ

ಇಲ್ಲಿ ಪಾದದಿಂದ ಮೇಲಕ್ಕೆ ನೋಡುತ್ತ ಹೋಗಿ. ಕೈಯಿಂದ ಶುರು ಮಾಡಿದರೆ ದಾರಿ ತಪ್ಪುತ್ತದೆ, ಯಾಕೆಂದರೆ ಕೆಟ್ಟ ಕೈ ಬಹುತೇಕ ಕೆಟ್ಟ ಕಾಲಿನ ಫಲ.

ಎಡ ಟ್ಯಾಕಲ್ ಎಡಗಾಲನ್ನು ಸ್ವಲ್ಪ ಹಿಂದಿಟ್ಟು ನಿಂತಿರುತ್ತಾನೆ. ಸ್ನ್ಯಾಪ್ ಆದೊಡನೆ ಬಲಗಾಲಿನಿಂದ ನೆಲ ಒದ್ದು, ಎಡಗಾಲನ್ನು ಹಿಂದಕ್ಕೆ ಜಾರಿಸಿ, ಬಲಗಾಲನ್ನು ಎಳೆದುಕೊಳ್ಳುತ್ತಾನೆ. ಇದೇ ಕಿಕ್ ಹೆಜ್ಜೆ. ಪಾದಗಳ ನಡುವಿನ ಅಂತರ ಭುಜದಷ್ಟೇ ಉಳಿಯಬೇಕು. ನಿಧಾನಗತಿಯಲ್ಲಿ ನೋಡಿದಾಗ ಹಿಮ್ಮಡಿಗಳು ಒಂದಕ್ಕೊಂದು ತಾಗಿದರೆ ಆ ಕ್ಷಣ ಅವನು ಒಂದೇ ಕಾಲಿನ ಮೇಲೆ ನಿಂತ ಮನುಷ್ಯ. ಯಾರು ತಳ್ಳಿದರೂ ಹೋಗುತ್ತಾನೆ. ಎರಡನೇ ಹೆಜ್ಜೆಯಲ್ಲೇ ಸೊಂಟ ಹೊರಕ್ಕೆ ತಿರುಗಿದರೆ ಬಾಗಿಲು ತೆಗೆದಂತೆ: ಎದುರಾಳಿ ಒಳಗಡೆಯಿಂದ ಕತ್ತರಿಸಿ ನೇರ ಬರುತ್ತಾನೆ.

ಎಲ್ಲಿ ಸೋತ ಎಂಬುದರಿಂದ ಅರ್ಥ ಬೇರೆಯಾಗುತ್ತದೆ. ಹೊರಗಡೆಯಿಂದ, 8-9 ಗಜ ಆಳದಲ್ಲಿ ಸೋತರೆ ಅಷ್ಟು ಗಾಬರಿ ಬೇಡ. ಕ್ವಾರ್ಟರ್‌ಬ್ಯಾಕ್ ಒಂದು ಹೆಜ್ಜೆ ಮುಂದಿಟ್ಟರೆ ತಪ್ಪಿಸಿಕೊಳ್ಳುತ್ತಾನೆ. ಒಳಗಡೆ ಸೋಲುವುದು ಎಲ್ಲಕ್ಕಿಂತ ಕೆಟ್ಟದ್ದು, ಅದಕ್ಕೆ ಕ್ಷಮೆ ಇಲ್ಲ. ಎದೆಗೆ ಎದೆ ಕೊಟ್ಟು ಹಿಂದಕ್ಕೆ ತಳ್ಳಿಸಿಕೊಂಡರೆ ಅವನ ಸೊಂಟ ಎದುರಾಳಿಯ ಸೊಂಟಕ್ಕಿಂತ ಮೇಲಿದೆ. ಮೊಣಕಾಲು ಬಗ್ಗಿಸದೆ ಬೆನ್ನು ಬಗ್ಗಿಸುತ್ತಿದ್ದಾನೆ.

ಕಾಲು ಸರಿಯಿದ್ದೂ ಸೋಲುತ್ತಿದ್ದರೆ ಈಗ ಕೈ ನೋಡಿ. ಹೆಬ್ಬೆರಳು ಮೇಲೆ, ಮೊಣಕೈ ಪಕ್ಕೆಗೆ ಹತ್ತಿರ, ಅಂಗೈ ಎದುರಾಳಿಯ ಎದೆಯ ಮೇಲೆ. ಕೈ ಅಗಲವಾಗಿ ಹೊರಗಿನಿಂದ ತಬ್ಬಿಕೊಂಡಂತೆ ಬಂದರೆ ಅದು ಸ್ಯಾಕ್ ಆಗುತ್ತದೆ, ಇಲ್ಲವೇ ಹೋಲ್ಡಿಂಗ್ (ಎದುರಾಳಿಯನ್ನು ಹಿಡಿದುಕೊಳ್ಳುವ ತಪ್ಪು) ಆಗುತ್ತದೆ. ಒಂದೇ ತಾಳದಲ್ಲಿ, ಪ್ರತಿಸಲ ಮೂರನೇ ಹೆಜ್ಜೆಗೇ ಕೈ ಚಾಚುತ್ತಾನೆಯೇ ಎಂಬುದನ್ನೂ ಗಮನಿಸಿ. ಅದನ್ನು ಎದುರಾಳಿ ಕೋಚ್ ಮೂರು ವಾರ ಕೂತು ನೋಡಿರುತ್ತಾನೆ. ಆ ಕೈಯನ್ನು ತಟ್ಟಿ ಕೆಳಗಿಳಿಸುವುದನ್ನೇ ಹುಡುಗರಿಗೆ ಕಲಿಸಿರುತ್ತಾನೆ.

ಪರಿಹಾರಗಳು, ಅಗ್ಗದಿಂದ ದುಬಾರಿಗೆ. ಆ ಕಡೆಗೆ ಲೈನ್ ಜಾರುವಂತೆ ಪ್ರೊಟೆಕ್ಷನ್ ಬದಲಿಸುವುದಕ್ಕೆ ಏನೂ ಕಳೆದುಕೊಳ್ಳಬೇಕಿಲ್ಲ. ರನ್ನಿಂಗ್ ಬ್ಯಾಕ್ ಅಥವಾ ಟೈಟ್ ಎಂಡ್ (ಲೈನ್‌ನ ಪಕ್ಕದಲ್ಲಿ ನಿಂತು ತಡೆಯುವ, ಪಾಸನ್ನೂ ಹಿಡಿಯುವ ಆಟಗಾರ) ಹೊರಡುವ ದಾರಿಯಲ್ಲಿ ಭುಜ ಕೊಟ್ಟು ಹೋಗುವುದಕ್ಕೆ ಪಾಸ್ ಮಾರ್ಗದಲ್ಲಿ ಅರ್ಧ ಸೆಕೆಂಡ್ ತೆರಬೇಕು. ಟೈಟ್ ಎಂಡ್‌ನನ್ನು ಅಲ್ಲೇ ಉಳಿಸಿಕೊಂಡರೆ ಒಬ್ಬ ರಿಸೀವರ್ ಹೋದಂತೆ. ಆಟಗಾರನನ್ನೇ ಬದಲಿಸುವುದು ಕೊನೆಯದು. ಬದಲಿ ಆಟಗಾರ ನಿಜವಾಗಿ ಉತ್ತಮನಾಗಿದ್ದರೆ ನವೆಂಬರ್‌ನಲ್ಲೇ ಆಡಿರುತ್ತಿದ್ದ.

ಲಕ್ಷಣ: ಓಟ ಸಾಗುತ್ತಿಲ್ಲ

ಇಲ್ಲೂ ಮೊದಲ ಪರೀಕ್ಷೆ ಎಣಿಕೆಯದೇ. ಲೈನ್‌ನ ಐವರು, ಒಬ್ಬ ಟೈಟ್ ಎಂಡ್, ಒಟ್ಟು ಆರು ಜನ ತಡೆಯುವವರು. ಎದುರು ಗೆರೆಯ ಹತ್ತಿರ ಎಂಟು ಜನ ಗುಂಪಾಗಿ ನಿಂತಿದ್ದರೆ ಇಬ್ಬರು ಬಿಡುವಾಗಿದ್ದಾರೆ. ಅಂಥ ಓಟ ಸತ್ತರೆ ಆಟ ಕರೆದವರನ್ನು ಕೇಳಬೇಕು. ಆರಕ್ಕೆ ಆರು ಇದ್ದಾಗಿನ ಓಟಗಳನ್ನು ಮಾತ್ರ ಬೇರೆ ಮಾಡಿ ಲೈನ್‌ನ ಮೇಲೆ ಬರೆಯಿರಿ.

ಆ ಓಟಗಳಲ್ಲಿ ಲೈನ್ ಗಳಿಸಿದ್ದೆಷ್ಟು ಎಂಬುದಕ್ಕೆ ರೂಢಿಯಲ್ಲಿರುವ ಒಂದು ಲೆಕ್ಕ ಹೀಗಿದೆ. ನಷ್ಟವಾದರೆ ಶೇ. 120ರಷ್ಟು, ಮೊದಲ 4 ಗಜ ಪೂರ್ತಿ, 5ರಿಂದ 10ನೇ ಗಜದವರೆಗೆ ಅರ್ಧ, ಅದರಾಚೆಗೆ ಲೈನ್‌ಗೆ ಏನೂ ಇಲ್ಲ. ಐದು ಓಟಗಳು −2, 3, 8, 25, 1 ಎಂದಿರಲಿ. ಬಾಕ್ಸ್ ಸ್ಕೋರ್ ಪ್ರಕಾರ 35 ಗಜ, ಸರಾಸರಿ 7. ಲೈನ್‌ನ ಪಾಲು −2.4, 3, 6, 7, 1, ಒಟ್ಟು 14.6, ಸರಾಸರಿ 2.9. ಒಂದೇ ಒಂದು 25 ಗಜದ ಓಟ ಮೂರು ಕೆಟ್ಟ ಓಟಗಳನ್ನು ಮುಚ್ಚಿಹಾಕಿತ್ತು. ವೇಗದ ರನ್ನಿಂಗ್ ಬ್ಯಾಕ್ ಇರುವ ತಂಡಗಳು ತಮ್ಮ ಲೈನ್ ಚೆನ್ನಾಗಿದೆ ಎಂದು ಮೋಸಹೋಗುವುದು ಹೀಗೆ.

ಮೂರನೇ ಅಥವಾ ನಾಲ್ಕನೇ ಡೌನ್‌ನಲ್ಲಿ (10 ಗಜ ಗಳಿಸಲು ಸಿಗುವ ನಾಲ್ಕು ಯತ್ನಗಳಲ್ಲಿ ಕೊನೆಯ ಎರಡು) 2 ಗಜ ಅಥವಾ ಕಡಿಮೆ ಬೇಕಾದಾಗ ಎಷ್ಟು ಸಲ ಸಿಕ್ಕಿತು ಎಂಬುದನ್ನು ಪ್ರತ್ಯೇಕ ಬರೆದಿಡಿ. ನಾಲ್ಕರಲ್ಲಿ ಎರಡೇ ಸಿಗುತ್ತಿದ್ದರೆ ಬೌಲ್ ಪಂದ್ಯದಲ್ಲಿ ಅದೇ ಮುಳುವಾಗುತ್ತದೆ.

ಕಾರಣ ಹುಡುಕಲು ಡಬಲ್ ಟೀಮ್ ನೋಡಿ. ಗಾರ್ಡ್ ಮತ್ತು ಸೆಂಟರ್ ಇಬ್ಬರೂ ಸೇರಿ ಒಬ್ಬ ಡಿಫೆನ್ಸಿವ್ ಟ್ಯಾಕಲ್‌ನನ್ನು ನೂಕಿ, ಅವನು ಅಲುಗಾಡಿದ ಮೇಲೆ ಒಬ್ಬ ಕಳಚಿಕೊಂಡು ಲೈನ್‌ಬ್ಯಾಕರ್ ಕಡೆ ಹೋಗಬೇಕು. ಸೊಂಟಕ್ಕೆ ಸೊಂಟ ಅಂಟಿರಬೇಕು. ನಡುವೆ ಬೆಳಕು ಕಂಡರೆ ಎದುರಾಳಿ ಆ ಸಂದಿಯಲ್ಲೇ ಭುಜ ತೂರಿಸಿ ಸೀಳಿಕೊಂಡು ಬರುತ್ತಾನೆ. ಬೇಗ ಕಳಚಿಕೊಂಡರೆ ರನ್ನಿಂಗ್ ಬ್ಯಾಕ್ ಗೆರೆಯ ಹಿಂದೆಯೇ ಬೀಳುತ್ತಾನೆ, ತಡವಾದರೆ ಲೈನ್‌ಬ್ಯಾಕರ್ 2 ಗಜದಲ್ಲಿ ಹಿಡಿಯುತ್ತಾನೆ. ನಿಮ್ಮ ಓಟಗಳು ನಷ್ಟದಲ್ಲಿ ಸಾಯುತ್ತಿವೆಯೋ, 1-2 ಗಜದಲ್ಲಿ ಸಾಯುತ್ತಿವೆಯೋ ಎಂಬುದೇ ಎರಡರಲ್ಲಿ ಯಾವುದೆಂದು ಹೇಳಿಬಿಡುತ್ತದೆ.

ಪವರ್, ಕೌಂಟರ್‌ನಂಥ ಓಟದ ಆಟಗಳಲ್ಲಿ ಗಾರ್ಡ್ ತನ್ನ ಜಾಗ ಬಿಟ್ಟು ಲೈನ್‌ನ ಇನ್ನೊಂದು ಕಡೆಗೆ ಓಡುತ್ತಾನೆ. ಅವನು ಬಿಟ್ಟ ಕಿಂಡಿಯನ್ನು ಸೆಂಟರ್ ಮುಚ್ಚದಿದ್ದರೆ ಎದುರಾಳಿ ಅದರಲ್ಲೇ ಹಿಂಬಾಲಿಸಿ ಬರುತ್ತಾನೆ. ಓಡುವ ಗಾರ್ಡ್‌ನನ್ನು ನಿಧಾನ ಎಂದು ಬೈಯುವ ಮುನ್ನ ಅವನ ದಾರಿಗೆ ಯಾರು ಬಿದ್ದರು ನೋಡಿ.

ಇನ್ನೊಂದು ಸಣ್ಣ ವಿಷಯ, ದೊಡ್ಡ ನಷ್ಟ: ನಿಂತ ಭಂಗಿ. ಒಂದು ಕೈಯನ್ನೂ ನೆಲಕ್ಕೆ ಊರಿದ ಭಂಗಿಯಲ್ಲಿ ಆ ಕೈಯ ಮೇಲೆ ಭಾರ ಬಿದ್ದು ಬೆರಳ ಗೆಣ್ಣು ಬಿಳಿಚಿದರೆ ಓಟ, ಕೈ ಹಗುರವಾಗಿ ಹಿಮ್ಮಡಿ ನೆಲಕ್ಕೆ ಊರಿದರೆ ಪಾಸ್ ಎಂದು ಎದುರಾಳಿ ಓದುತ್ತಾನೆ. ಧ್ವನಿ ಆರಿಸಿ ಇಪ್ಪತ್ತು ಆಟಗಳನ್ನು ಸ್ನ್ಯಾಪ್‌ಗೆ ಮುಂಚೆ ನಿಲ್ಲಿಸಿ ಊಹಿಸಿ. ಹದಿನೈದು ಸರಿಯಾದರೆ ಎದುರಾಳಿಗೂ ಅಷ್ಟೇ ಸರಿಯಾಗುತ್ತದೆ.

ಲಕ್ಷಣ: ಫಾಲ್ಸ್ ಸ್ಟಾರ್ಟ್, ಕೆಳಗೆ ಬರುವ ಸ್ನ್ಯಾಪ್

ಫಾಲ್ಸ್ ಸ್ಟಾರ್ಟ್‌ಗೆ (ಸ್ನ್ಯಾಪ್‌ಗೆ ಮುಂಚೆಯೇ ಹೊರಡುವ ತಪ್ಪಿಗೆ) 5 ಗಜ ದಂಡ. ತವರಿನಲ್ಲಿ ಆಗುತ್ತವೆಯೋ ಹೊರಗೆ ಮಾತ್ರವೋ ನೋಡಿ. ಹೊರಗೆ ಮಾತ್ರವಾದರೆ ಗದ್ದಲದ ಸಮಸ್ಯೆ, ಅಂದರೆ ಮೌನ ಎಣಿಕೆಯ ಸಮಸ್ಯೆ. ಗದ್ದಲದಲ್ಲಿ ಕೂಗು ಕೇಳಿಸದ್ದರಿಂದ ಗಾರ್ಡ್ ಹಿಂತಿರುಗಿ ಕ್ವಾರ್ಟರ್‌ಬ್ಯಾಕ್‌ನ ಸನ್ನೆ ನೋಡಿ ಸೆಂಟರ್‌ನನ್ನು ತಟ್ಟುತ್ತಾನೆ, ಸೆಂಟರ್ ತಲೆ ಎತ್ತಿ ಒಂದು ಎಣಿಸಿ ಚೆಂಡು ಬಿಡುತ್ತಾನೆ. ಪ್ರತಿಸಲ ಒಂದೇ ಎಣಿಕೆಯಾದರೆ ಎದುರಾಳಿ ತಲೆಯ ಅಲುಗಾಟ ನೋಡಿಯೇ ಜಿಗಿಯುತ್ತಾನೆ, ನಮ್ಮ ಟ್ಯಾಕಲ್ ಅವನಿಗಿಂತ ಮುಂಚೆ ಹೊರಡಲು ಹೋಗಿ ಸಿಕ್ಕಿಬೀಳುತ್ತಾನೆ. ಪರಿಹಾರ ಒಂದು ಎಣಿಕೆ, ಎರಡು ಎಣಿಕೆ ಬೆರೆಸುವುದು. 2024ರಿಂದ 12 ತಂಡಗಳಾದ ಪ್ಲೇಆಫ್‌ನಲ್ಲಿ ಮೊದಲ ಸುತ್ತು ಕ್ಯಾಂಪಸ್ ಮೈದಾನಗಳಲ್ಲೇ ನಡೆಯುವುದರಿಂದ ಇದು ಈಗ ಹೆಚ್ಚು ಕಾಡುತ್ತದೆ.

ಸ್ನ್ಯಾಪ್ ಕ್ವಾರ್ಟರ್‌ಬ್ಯಾಕ್‌ನ ಸೊಂಟಪಟ್ಟಿಗೂ ಎದೆಗೂ ನಡುವೆ ಬರಬೇಕು. ಮೊಣಕಾಲಿನ ಕೆಳಗೆ ಬಂದ ಸ್ನ್ಯಾಪ್‌ನಿಂದ ಅವನ ಕಣ್ಣು ನೆಲಕ್ಕೆ ಹೋಗುತ್ತದೆ. ಆಟದ ಲಯ ಅಲ್ಲೇ ತಪ್ಪಿತು. 2024ರ ಜನವರಿ 1ರ ರೋಸ್ ಬೌಲ್‌ನಲ್ಲಿ ಅಲಬಾಮಾಗೆ ಇದೇ ಕಾಡಿತು. ಹೆಚ್ಚುವರಿ ಅವಧಿಯ ಕೊನೆಯ ನಾಲ್ಕನೇ ಡೌನ್‌ನಲ್ಲೂ ಸ್ನ್ಯಾಪ್ ಕೆಳಗೆ ಬಂತು, ಜೇಲನ್ ಮಿಲ್ರೋ ಓಟ ಅಲ್ಲೇ ನಿಂತಿತು, ಮಿಷಿಗನ್ 27-20ರಲ್ಲಿ ಗೆದ್ದಿತು. ಆ ಪಂದ್ಯದ ಸೆಂಟರ್ ಸೆತ್ ಮೆಕ್‌ಲಾಫ್ಲಿನ್ ಮುಂದಿನ ಋತುವಿಗೆ ಓಹಾಯೊ ಸ್ಟೇಟ್‌ಗೆ ಹೋಗಿ ಅತ್ಯುತ್ತಮ ಸೆಂಟರ್‌ಗೆ ಕೊಡುವ ರಿಮಿಂಗ್ಟನ್ ಟ್ರೋಫಿ ಗೆದ್ದ. ಸ್ನ್ಯಾಪ್ ವಾಸಿಯಾಗುವ ಕಾಯಿಲೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕಾರಣಗಳನ್ನು ಈ ಸಾಲಿನಲ್ಲಿ ಪರೀಕ್ಷಿಸಿ: ಒದ್ದೆ ಚೆಂಡು ಅಥವಾ ಕೈಗೆ ಸುತ್ತಿದ ಟೇಪ್, ಸೆಂಟರ್‌ನ ಮೂಗಿನ ಎದುರೇ ಎದುರಾಳಿ ನಿಂತಾಗ ಮಾತ್ರ ಕೆಳಗೆ ಬರುತ್ತದೆಯೇ (ಹಾಗಿದ್ದರೆ ಚೆಂಡು ಬಿಡುವ ಮೊದಲೇ ತಡೆಯಲು ಏಳುತ್ತಿದ್ದಾನೆ), ಹೊಸ ಕ್ವಾರ್ಟರ್‌ಬ್ಯಾಕ್ ಅರ್ಧ ಗಜ ಹಿಂದೆ ನಿಲ್ಲುತ್ತಾನೆಯೇ.

ಲಕ್ಷಣ: ದಂಡದ ಬಾವುಟ ಹೆಚ್ಚುತ್ತಿವೆ

ಹೋಲ್ಡಿಂಗ್‌ಗೆ 10 ಗಜ. ಒಬ್ಬನದೇ ಹೆಸರು ಬರುತ್ತಿದ್ದರೆ ಮೇಲಿನ ಕಾಲು-ಕೈ ಪರೀಕ್ಷೆಗೆ ಹೋಗಿ. ಎಲ್ಲರ ಹೆಸರೂ ಬರುತ್ತಿದ್ದು, ಬಾವುಟಗಳು ಮೂರೂವರೆ ಸೆಕೆಂಡ್ ನಂತರ ಬಿದ್ದಿದ್ದರೆ ಕ್ವಾರ್ಟರ್‌ಬ್ಯಾಕ್ ಓಡಾಡುತ್ತಿದ್ದಾನೆ, ಬೆನ್ನು ಹಾಕಿ ನಿಂತ ಲೈನ್‌ನವರಿಗೆ ಅವನೆಲ್ಲಿದ್ದಾನೆಂದೇ ಗೊತ್ತಿಲ್ಲ. ಓಟ-ಪಾಸ್ ಎರಡೂ ಆಗಬಹುದಾದ ಆಟಗಳಲ್ಲಿ ಪಾಸ್ ಎಸೆಯುವ ಮುನ್ನ ಲೈನ್‌ಮನ್ ಗೆರೆಯಿಂದ 3 ಗಜ ದಾಟಿದರೆ ಬಾವುಟ. ಅಲ್ಲಿ ತಡಮಾಡಿದ್ದು ಚೆಂಡು ಎಸೆದವನು. 2022ರ ನಿಯಮದ ಪ್ರಕಾರ ಸೊಂಟದ ಕೆಳಗಿನ ತಡೆ ಟ್ಯಾಕಲ್‌ಗಳ ನಡುವಿನ ಚೌಕದ ಹೊರಗೆ ಸಲ್ಲದು. ಸ್ಕ್ರೀನ್ ಪಾಸ್‌ನಲ್ಲಿ (ಲೈನ್‌ನವರನ್ನು ಮುಂದೆ ಬಿಟ್ಟು ಎಸೆಯುವ ಗಿಡ್ಡ ಪಾಸ್) ಹಳೆಯ ಅಭ್ಯಾಸದ ಹಿರಿಯರೇ ಇಲ್ಲಿ ಸಿಕ್ಕಿಬೀಳುತ್ತಾರೆ.

ಲಕ್ಷಣ: ಗಾಯವಾಗಿ ಐವರ ಜೋಡಣೆ ಬದಲಾದ ಮೇಲೆ ಆಟ ಕೆಟ್ಟಿದೆ

ಎಷ್ಟು ಕುರ್ಚಿ ಬದಲಾಯಿತು ಎಂಬುದಕ್ಕಿಂತ ಯಾರಾದರೂ ಎಡದಿಂದ ಬಲಕ್ಕೆ ಹೋದರೇ ಎಂದು ಮೊದಲು ನೋಡಿ. ಬಲಗಡೆ ಹೋದ ಎಡ ಟ್ಯಾಕಲ್‌ಗೆ ಹಿಂದಿಡುವ ಕಾಲು, ಒದೆಯುವ ಕಾಲು, ಮೊದಲು ಚಾಚುವ ಕೈ ಎಲ್ಲವೂ ತಿರುಗುಮುರುಗು. ಬಲಗೈಯವನು ಎಡಗೈಯಲ್ಲಿ ಊಟ ಮಾಡಿದಂತೆ: ಆಗುತ್ತದೆ, ಆದರೆ ಚೆಲ್ಲುತ್ತದೆ. ಅದೇ ಕಡೆಯಲ್ಲಿ ಒಂದು ಕುರ್ಚಿ ಆಚೆ ಈಚೆ ಆದರೆ ಕಾಲಿನ ಅಭ್ಯಾಸ ಉಳಿಯುತ್ತದೆ.

2023ರ ನವೆಂಬರ್ 25ರಂದು ಓಹಾಯೊ ಸ್ಟೇಟ್ ವಿರುದ್ಧ ಮಿಷಿಗನ್‌ನ ಬಲ ಗಾರ್ಡ್ ಝ್ಯಾಕ್ ಝಿಂಟರ್ ಕಾಲು ಮುರಿಯಿತು. ಬಲ ಟ್ಯಾಕಲ್ ಕಾರ್ಸೆನ್ ಬಾರ್ನ್‌ಹಾರ್ಟ್ ಪಕ್ಕಕ್ಕೆ ಸರಿದು ಬಲ ಗಾರ್ಡ್ ಆದ, ಟ್ರೆಂಟೆ ಜೋನ್ಸ್ ಬಲ ಟ್ಯಾಕಲ್ ಆಗಿ ಬಂದ. ಎರಡು ಕುರ್ಚಿ ಬದಲಾದವು, ಎಡಗಡೆ ಯಾರೂ ಅಲುಗಲಿಲ್ಲ. ಆ ತಂಡ ರೋಸ್ ಬೌಲ್ ಗೆದ್ದು, ಒಂದು ವಾರದ ನಂತರ ವಾಷಿಂಗ್ಟನ್‌ನನ್ನು 34-13ರಲ್ಲಿ ಸೋಲಿಸಿ ಚಾಂಪಿಯನ್ ಆಯಿತು.

ಮರುವರ್ಷ ಓಹಾಯೊ ಸ್ಟೇಟ್ ಪಾಡು ಇನ್ನೂ ಕಷ್ಟದ್ದು. ಅಕ್ಟೋಬರ್ 12ರಂದು ಆರೆಗನ್‌ನಲ್ಲಿ ಎಡ ಟ್ಯಾಕಲ್ ಜಾಶ್ ಸಿಮನ್ಸ್ ಮೊಣಕಾಲು ಹೋಯಿತು. ನವೆಂಬರ್‌ನಲ್ಲಿ ಮೆಕ್‌ಲಾಫ್ಲಿನ್‌ನ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ಎಡ ಗಾರ್ಡ್ ಡೊನೊವನ್ ಜ್ಯಾಕ್ಸನ್ ಎಡ ಟ್ಯಾಕಲ್ ಆದ, ಕಾರ್ಸನ್ ಹಿಂಝ್‌ಮನ್ ಸೆಂಟರ್ ಆದ. ನವೆಂಬರ್ 30ರಂದು ಮಿಷಿಗನ್‌ಗೆ 13-10ರಲ್ಲಿ ಸೋತಾಗ ಈ ಲೈನ್ ಮುಗಿಯಿತು ಎಂದವರೇ ಹೆಚ್ಚು. ಮೂರು ವಾರದ ಬಳಿಕ ಟೆನೆಸಿಯನ್ನು 42-17, ಹೊಸ ವರ್ಷದ ದಿನ ಆರೆಗನ್‌ನನ್ನು 41-21ರಲ್ಲಿ ಸೋಲಿಸಿ, ಜನವರಿ 20ಕ್ಕೆ ನೋಟ್ರ್ ಡೇಮ್ ವಿರುದ್ಧ 34-23ರಲ್ಲಿ ಪ್ರಶಸ್ತಿ ಎತ್ತಿತು. ಆಟಗಾರರು ಹೆಚ್ಚೇನೂ ಬದಲಾಗಿರಲಿಲ್ಲ, ಒಟ್ಟಿಗೆ ನಿಂತ ದಿನ ಹೆಚ್ಚಿತ್ತು. ಹಾಗಾಗಿ ಹೊಸ ಐವರು ಒಟ್ಟಿಗೆ ಎಷ್ಟು ಸ್ನ್ಯಾಪ್ ಆಡಿದ್ದಾರೆ ಎಂದು ಎಣಿಸಿ. ನೂರೈವತ್ತು ದಾಟಿಲ್ಲದಿದ್ದರೆ ಇನ್ನೂ ತೀರ್ಪು ಕೊಡಬೇಡಿ, ಇನ್ನೊಬ್ಬರನ್ನು ಕದಲಿಸಲೂಬೇಡಿ.

ಹೊಸ ಹುಡುಗನನ್ನು ಇಳಿಸುವ ಮುನ್ನ ಅವನ ಪಂದ್ಯಗಳ ಲೆಕ್ಕವನ್ನು ಕಾಲೇಜಿನ ಕಂಪ್ಲಯನ್ಸ್ (ನಿಯಮ ಪಾಲನೆಯ) ಕಚೇರಿಯಲ್ಲಿ ಕೇಳಿ. 2018ರಲ್ಲಿ ಬಂದ ನಿಯಮದಲ್ಲಿ ನಾಲ್ಕು ಪಂದ್ಯದವರೆಗೆ ಆಡಿದರೂ ರೆಡ್‌ಶರ್ಟ್ ವರ್ಷ (ಆಡಲು ಸಿಗುವ ವರ್ಷಗಳ ಲೆಕ್ಕಕ್ಕೆ ಸೇರದ ವರ್ಷ) ಉಳಿಯುತ್ತಿತ್ತು. ಲೆಕ್ಕ ತಪ್ಪಿದರೆ ಹುಡುಗನ ಒಂದು ವರ್ಷ ಹೋಗುತ್ತದೆ.

ಲಕ್ಷಣ: ನಾಲ್ಕನೇ ಕ್ವಾರ್ಟರ್‌ನಲ್ಲಿ ಕುಸಿತ

ಮೊದಲ ಮತ್ತು ಕೊನೆಯ ಕ್ವಾರ್ಟರ್‌ನ ಹತ್ತು ಹತ್ತು ಕ್ಲಿಪ್ ಅಕ್ಕಪಕ್ಕ ಇಟ್ಟು ನೋಡಿ. ಐವರ ನಡುವಿನ 2 ಅಡಿ ಅಂತರ 3 ಅಡಿಯಾಗಿದೆಯೇ? ಡಿಕ್ಕಿ ಕೊಟ್ಟ ಮೇಲೆ ಕಾಲು ಓಡುತ್ತದೆಯೋ, ನಿಂತು ಮೈ ಒರಗುತ್ತದೆಯೋ? ಐವರಲ್ಲೂ ಕಂಡರೆ ಆಟಗಳ ಸಂಖ್ಯೆ ಹೆಚ್ಚಾಗಿದೆ. ಗತಿ ತಗ್ಗಿಸಿ, ಆರನೇ ಮತ್ತು ಏಳನೇ ಆಟಗಾರರನ್ನು ಎರಡನೇ ಕ್ವಾರ್ಟರ್‌ನಲ್ಲೇ ಒಂದು ಸರಣಿ (ಒಮ್ಮೆ ಚೆಂಡು ಸಿಕ್ಕಾಗಿನಿಂದ ಅದು ಕೈಬಿಡುವವರೆಗೆ) ಆಡಿಸಿ. ಒಬ್ಬನಲ್ಲೇ ಕಂಡರೆ ಅದು ದಣಿವು ಆಗಿರದೆ ನೋವು ಆಗಿರಬಹುದು. ಅಲ್ಲಿಗೆ ನಿಮ್ಮ ತಪಾಸಣೆ ನಿಲ್ಲಬೇಕು.

ಎಲ್ಲಿ ನಿಲ್ಲಿಸಬೇಕು

ಕಿಕ್ ಹೆಜ್ಜೆಯಲ್ಲಿ ಒಂದೇ ಕಾಲು ನೆಲ ಒದೆಯದಿರುವುದು, ಡಿಕ್ಕಿಯ ನಂತರ ಒಂದು ಕೈ ತೂಗಾಡುವುದು, ಎದ್ದವನು ತಪ್ಪು ಗುಂಪಿನ ಕಡೆ ನಡೆಯುವುದು, ಕರೆಗಳನ್ನು ಮರೆಯುವುದು: ಇವು ತಂತ್ರದ ದೋಷಗಳಲ್ಲ. ಅಥ್ಲೆಟಿಕ್ ಟ್ರೈನರ್‌ಗೆ ಹೇಳಿ, ಅಷ್ಟೇ. ಕನ್‌ಕಷನ್ (ಪೆಟ್ಟಿನಿಂದ ಮೆದುಳಿಗೆ ಆದ ಆಘಾತ) ಎಂದು ಪತ್ತೆಯಾದವನು ಅದೇ ದಿನ ಮತ್ತೆ ಆಡುವಂತಿಲ್ಲ, ಮುಂದೆ ಯಾವಾಗ ಆಡಬಹುದೆಂಬುದು ವೈದ್ಯಕೀಯ ತಂಡದ ತೀರ್ಮಾನ, ಕೋಚ್‌ನದಲ್ಲ. ವಿಡಿಯೊ ನೋಡಿ ಯಾರ ಗಾಯಕ್ಕೂ ಹೆಸರಿಡಬೇಡಿ, ಊಹೆಯನ್ನು ಹೊರಗೆ ಹಂಚಬೇಡಿ.

"ಮೆತ್ತಗಾಗಿದ್ದಾರೆ" ಎಂದು ಬೌಲ್ ಅಭ್ಯಾಸದಲ್ಲಿ ಶಿಕ್ಷೆಯ ಓಟ ಓಡಿಸುವುದು, ಇಬ್ಬರನ್ನು ಎದುರುಬದುರು ಡಿಕ್ಕಿ ಹೊಡೆಸುವುದು ಬೇಡವೇ ಬೇಡ. 130-140 ಕಿಲೋ ತೂಕದ ದೇಹ ಬಿಸಿಯನ್ನು ಬೇಗ ಹೊರಹಾಕಲಾರದು. 2018ರಲ್ಲಿ ಮೇರಿಲ್ಯಾಂಡ್‌ನ 19 ವರ್ಷದ ಆಫೆನ್ಸಿವ್ ಲೈನ್‌ಮನ್ ಜೋರ್ಡನ್ ಮೆಕ್‌ನೇರ್ ಮೇ 29ರ ಓಟದ ಅಭ್ಯಾಸದಲ್ಲಿ ಶಾಖಾಘಾತಕ್ಕೊಳಗಾಗಿ ಜೂನ್ 13ರಂದು ತೀರಿಕೊಂಡ. ಚಳಿಯ ಊರಿನ ತಂಡ ಡಿಸೆಂಬರ್ ಕೊನೆಗೆ ಫ್ಲೋರಿಡಾಕ್ಕೆ ಹೋದಾಗ ಮೈ ಬಿಸಿಲಿಗೆ ಒಗ್ಗಿರುವುದಿಲ್ಲ. ಮಂಜುಗಡ್ಡೆ ನೀರಿನ ತೊಟ್ಟಿ ಅಭ್ಯಾಸ ಶುರುವಾಗುವ ಮೊದಲೇ ತುಂಬಿರಬೇಕು.

ಇನ್ನೊಂದು ಬಗೆಯ ನಿಲುಗಡೆಯೂ ಇದೆ. ಬಿಡುವಾಗಿ ಬಂದವನು ಗಾರ್ಡ್‌ನ ಪಾಲಿನವನೋ ರನ್ನಿಂಗ್ ಬ್ಯಾಕ್‌ನ ಪಾಲಿನವನೋ ಎಂಬುದು ಆ ದಿನದ ಕರೆ ಗೊತ್ತಿಲ್ಲದೆ ಹೇಳಲಾಗದು. ಮೂರು ಸಲ ನೋಡಿಯೂ ತಿಳಿಯದ ಕ್ಲಿಪ್‌ನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಲೈನ್ ಕೋಚ್‌ಗೆ ಬಿಡಿ. ಇಂಥವು ಪಟ್ಟಿಯ ಮೂರನೇ ಒಂದಕ್ಕಿಂತ ಹೆಚ್ಚಾದರೆ ನಿಮ್ಮ ಶೇಕಡಾವಾರು ಲೆಕ್ಕ ಯಾವುದನ್ನೂ ನಂಬಬೇಡಿ.

ಹೊರಡುವ ವಾರ

ಕೊನೆಗೆ ಬೂಟು. ಪ್ಯಾಸಡಿನಾದ ರೋಸ್ ಬೌಲ್, ಗ್ಲೆಂಡೇಲ್‌ನ ಫಿಯೆಸ್ಟಾ ಬೌಲ್, ಮಿಯಾಮಿ ಗಾರ್ಡನ್ಸ್‌ನ ಆರೆಂಜ್ ಬೌಲ್ ನಡೆಯುವುದು ನಿಜವಾದ ಹುಲ್ಲಿನ ಮೇಲೆ. ನ್ಯೂ ಓರ್ಲಿಯನ್ಸ್‌ನ ಶುಗರ್ ಬೌಲ್ ಕೃತಕ ಹಾಸಿನ ಮೇಲೆ. ಇಡೀ ಋತು ಕೃತಕ ಹಾಸಿನಲ್ಲಿ ಆಡಿದ ಟ್ಯಾಕಲ್‌ನ ಕಿಕ್ ಹೆಜ್ಜೆ ಹುಲ್ಲಿನ ಮೇಲೆ ಜಾರಿದರೆ ಮೂರು ವಾರ ತಿದ್ದಿದ ಕಾಲೂ ಜಾರುತ್ತದೆ. ಉದ್ದ ಮೊಳೆಯ ಒಂದು ಜೊತೆ, ಗಿಡ್ಡ ಮೊಳೆಯ ಒಂದು ಜೊತೆ, ಎರಡನ್ನೂ ಮೊದಲೇ ಹಾಕಿಸಿ ಪಳಗಿಸಿ, ಊರು ಮುಟ್ಟಿದ ಮೊದಲ ದಿನವೇ ಆ ಮೈದಾನದಲ್ಲಿ ಹತ್ತು ಕಿಕ್ ಹೆಜ್ಜೆ ಇಡಿಸಿ ನೋಡಿ.